ಸೂಜಿ ಹಾಕಿಸುವ ಮೊದಲು ಇದೊಂದು ಕೇಳಿ

ತಂದೆಗೆ 74 ವರ್ಷ, ಶುಗರ್ ಇದೆ, ಸಿ.ಟಿ. ಸ್ಕ್ಯಾನಿನಲ್ಲಿ ಹೃದಯದ ಪಕ್ಕ 5 ಸೆಂ.ಮೀ. ನೀರುಗುಳ್ಳೆ ಕಂಡಿದೆ, ಆಪರೇಷನ್ ಇಲ್ಲದೆ ಆಗುತ್ತಾ ಅಂತ ಶ್ರೀನಿವಾಸಪುರದಿಂದ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ತಿಳಿದಷ್ಟು ಹೇಳುತ್ತೇನೆ.

ಅವರಿಗೆ ಈಗ ಎದೆನೋವು, ಉಸಿರಾಟದ ತೊಂದರೆ ಏನಾದರೂ ಇದೆಯಾ? ಹೃದಯದ ಹೊರಪೊರೆಗೆ ಅಂಟಿಕೊಂಡ ಪೆರಿಕಾರ್ಡಿಯಲ್ ಸಿಸ್ಟ್ ಆದರೆ ಅದು ಕ್ಯಾನ್ಸರ್ ಅಲ್ಲ. ತೊಂದರೆ ಕೊಡದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸಿ ನೋಡುತ್ತಾ ಇದ್ದರೆ ಸಾಕಾಗುತ್ತದೆ.

ತೊಂದರೆ ಇದ್ದರೆ ಸಿ.ಟಿ. ನೋಡುತ್ತಾ ಸೂಜಿ ಹಾಕಿ ನೀರು ತೆಗೆಯಬಹುದು. ಚುಚ್ಚುವ ಜಾಗಕ್ಕಷ್ಟೇ ಮರಗಟ್ಟಿಸುತ್ತಾರೆ. ಆದರೆ ಚೀಲ ಒಳಗೇ ಉಳಿಯುತ್ತದೆ, ಕೆಲವರಿಗೆ ಮತ್ತೆ ತುಂಬಿಕೊಳ್ಳುತ್ತದೆ. ಶ್ವಾಸನಾಳಕ್ಕೆ ಅಂಟಿದ ಗುಳ್ಳೆಯಾದರೆ ಬಾಯಿಂದ ನಳಿಕೆ ಇಳಿಸಿ ನೀರು ಎಳೆಯುವ ಇಬಸ್ ವಿಧಾನ ಇದೆ. ಅದರಲ್ಲಿ ಸೋಂಕಿನ ಭಯವಿದೆ. ಶುಗರ್ ಇರುವವರು ಜಾಸ್ತಿ ಹುಷಾರಾಗಿರಬೇಕು.

ಈಗ ನಮ್ಮ ಕಡೆಯ ವಿಷಯ. ಮನೆಯಲ್ಲಿ ಕುರಿ, ನಾಯಿ ಸಾಕಿದ್ದಿರಾ? ನಾಯಿಯ ಲಾಡಿಹುಳದಿಂದ ಬರುವ ಹೈಡಾಟಿಡ್ ಗುಳ್ಳೆಯೂ ಸ್ಕ್ಯಾನಿನಲ್ಲಿ ಹೀಗೇ ಕಾಣಬಹುದು. ಎದೆಯಲ್ಲಿ ಅದಿದ್ದರೆ ಸುಮ್ನೆ ಸೂಜಿ ಚುಚ್ಚುವ ಹಾಗಿಲ್ಲ. ಒಳಗಿನ ನೀರು ಸೋರಿದರೆ ಜೀವಕ್ಕೇ ಕುತ್ತಾಗುವ ಅಲರ್ಜಿ ಆಗಬಹುದು, ಹುಳ ಬೇರೆ ಕಡೆಗೂ ಹರಡಬಹುದು. ಅದಕ್ಕೆ ಸಾಮಾನ್ಯವಾಗಿ ಆಪರೇಷನ್, ಜೊತೆಗೆ ಆಲ್ಬೆಂಡಜೋಲ್ ಮಾತ್ರೆ. ಹಾಗಾಗಿ ಹೈಡಾಟಿಡ್ ಅಲ್ಲ ಅಂತ ಖಾತ್ರಿಯಾ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ರಕ್ತಪರೀಕ್ಷೆ ಇದೆ, ಆದರೆ ನೆಗೆಟಿವ್ ಬಂದರೂ ಪೂರ್ತಿ ನಂಬುವ ಹಾಗಿಲ್ಲ.

ಅಂದಹಾಗೆ ಆಪರೇಷನ್ ಅಂದರೆ ಎದೆ ಸೀಳುವುದೇ ಅಲ್ಲ. ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ವ್ಯಾಟ್ಸ್ ಕೂಡ ಇದೆ, ಆದರೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಹೋದರೆ ಬರೀ ರಿಪೋರ್ಟ್ ಅಲ್ಲ, ಸ್ಕ್ಯಾನಿನ ಸಿ.ಡಿ.ಯನ್ನೂ ತಗೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.