ಯುದ್ಧಕಾಲದ ಹಾಡುಗಳು ಸೈನಿಕರ ಮೇಲೆ, ಜನರ ಮೇಲೆ ಬೀರಿದ ಪ್ರಭಾವವನ್ನು ಹೈಸ್ಕೂಲ್ ಮಕ್ಕಳಿಗೆ ಕಲಿಸುವುದು ಹೇಗೆ?

ನಲವತ್ತು ನಿಮಿಷದ ಎರಡು ಪೀರಿಯಡ್ ಇದೆ, ಯಾವ ಹಾಡು ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಎರಡೇ ಹಾಡು ಸಾಕು: ಮಕ್ಕಳಿಗೆ ಗೊತ್ತಿರುವ ‘ಏ ಮೇರೆ ವತನ್ ಕೆ ಲೋಗೋ’, ಮತ್ತು ಅವರು ಕೇಳಿಯೇ ಇರದ ಜರ್ಮನ್ ಹಾಡು ‘ಲಿಲಿ ಮರ್ಲೀನ್’. ಹತ್ತು ಹಾಡು ಕೇಳಿಸಲು ಹೊರಟರೆ ಒಂದನ್ನೂ ಬಿಡಿಸಿ ನೋಡಲು ಸಮಯ ಸಿಗುವುದಿಲ್ಲ.

ಮೊದಲನೆಯದನ್ನು ಎರಡು ನಿಮಿಷ ಕೇಳಿಸಿ, ಧ್ವನಿ ಮಾತ್ರ. ವಿಡಿಯೊ ಬೇಡವೇ ಬೇಡ. ಯೂಟ್ಯೂಬಿನಲ್ಲಿ ಸಿಗುವ ಎಷ್ಟೋ ವಿಡಿಯೊಗಳಲ್ಲಿ ಹಾಡಿನ ಜೊತೆ ಸಿನಿಮಾ ದೃಶ್ಯ, ಧ್ವಜ, ಶವಪೆಟ್ಟಿಗೆ ಎಲ್ಲ ಜೋಡಿಸಿರುತ್ತಾರೆ. ಮಕ್ಕಳ ಕಣ್ಣು ತುಂಬಿದ್ದು ಹಾಡಿಗೋ ಚಿತ್ರಕ್ಕೋ ಎಂದು ಆಮೇಲೆ ಹೇಳಲಾಗುವುದಿಲ್ಲ. ಕೇಳಿಸಿದ ಮೇಲೆ ‘ಇದರಿಂದ ಯಾರಿಗೆ ಏನಾಯಿತು’ ಎಂದು ಒಂದು ಸಾಲು ಬರೆಸಿ. ‘ಸೈನಿಕರು ಹುರುಪಿನಿಂದ ಹೋರಾಡಿದರು’ ಎಂದೇ ಬಹಳ ಮಕ್ಕಳು ಬರೆಯುತ್ತಾರೆ. ಆಗ ಬೋರ್ಡಿನ ಮೇಲೆ ಎರಡು ತಾರೀಕು ಬರೆಯಿರಿ. ಚೀನಾ ಕದನವಿರಾಮ: 21 ನವೆಂಬರ್ 1962. ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಲತಾ ಮಂಗೇಶ್ಕರ್ ಹಾಡಿದ್ದು: 27 ಜನವರಿ 1963. ಹಾಡು ಹುಟ್ಟುವ ಹೊತ್ತಿಗೆ ಕಾಳಗ ಮುಗಿದಿತ್ತು. ಅದು ತಟ್ಟಿದ್ದು ಸೋತು ಕುಗ್ಗಿದ ದೇಶಕ್ಕೆ, ಮನೆಯಲ್ಲಿ ಉಳಿದವರ ದುಃಖಕ್ಕೆ. ನೀವು ಏನೂ ಹೇಳದಿದ್ದರೂ ಮಕ್ಕಳು ತಮ್ಮ ಸಾಲನ್ನು ತಾವೇ ಹೊಡೆದುಹಾಕುತ್ತಾರೆ. ನೆಹರೂ ಕಣ್ಣೀರು ಹಾಕಿದರು ಎಂಬ ಮಾತನ್ನು ಯಾರಾದರೂ ಎತ್ತಿದರೆ, ಅದು ಒಬ್ಬ ಕೇಳುಗನ ವಿಷಯವಾಯಿತು, ಉಳಿದವರ ಬಗ್ಗೆ ಎಲ್ಲಿ ಹುಡುಕೋಣ ಎಂದು ಕೇಳಿ.

ಎರಡನೇ ಪೀರಿಯಡ್ ಪೂರ್ತಿ ‘ಲಿಲಿ ಮರ್ಲೀನ್’ಗೆ ಇಡಿ. ಜರ್ಮನ್ ಗಾಯಕಿ ಲಾಲೆ ಆಂಡರ್ಸನ್ 1939ರಲ್ಲಿ ಹಾಡಿದ ಧ್ವನಿಮುದ್ರಣವೇ ಆಗಬೇಕು. ಮೊದಲ ಸಲ ಅರ್ಥ ಹೇಳದೆ ಕೇಳಿಸಿ, ಆಮೇಲೆ ಸಾರಾಂಶದ ಚೀಟಿ ಕೊಡಿ: ಬ್ಯಾರಕ್ ಗೇಟಿನ ಹತ್ತಿರ, ದೀಪದ ಕಂಬದ ಕೆಳಗೆ ತನಗಾಗಿ ನಿಲ್ಲುತ್ತಿದ್ದ ಹುಡುಗಿಯನ್ನು ಒಬ್ಬ ಸೈನಿಕ ನೆನೆಯುತ್ತಾನೆ. ಶತ್ರುವಿನ ಹೆಸರಿಲ್ಲ, ಬಾವುಟವಿಲ್ಲ. ಸಾರಾಂಶ ಸರಳ ಗದ್ಯದಲ್ಲಿರಲಿ. ಪದ್ಯವಾಗಿ ಅನುವಾದಿಸಲು ಹೋದರೆ ಮೂಲದಲ್ಲಿಲ್ಲದ ಭಾವವೂ ಬಂದು ಸೇರುತ್ತದೆ.

ಈಗ ಅದರ ಪಯಣ ಹೇಳಿ. ಜರ್ಮನ್ ಕವಿ ಹಾನ್ಸ್ ಲೈಪ್ ಈ ಪದ್ಯ ಬರೆದದ್ದು 1915ರಲ್ಲಿ. ರೆಕಾರ್ಡ್ ಬಂದಾಗ ಕೊಂಡವರು ಕಡಿಮೆ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಜರ್ಮನ್ ಸೇನೆ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ರೇಡಿಯೊ ವಶಪಡಿಸಿಕೊಂಡು, ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಈ ಹಾಡು ಹಾಕತೊಡಗಿತು. ಆ ಪ್ರಸಾರ ಉತ್ತರ ಆಫ್ರಿಕಾದ ಮರಳುಗಾಡಿಗೂ ಮುಟ್ಟುತ್ತಿತ್ತು. ಜರ್ಮನ್ ಸೇನಾಪತಿ ರೋಮೆಲ್‌ನ ಸೈನಿಕರು ಕೇಳಿದರು, ಎದುರಿಗಿದ್ದ ಬ್ರಿಟಿಷ್ ಎಂಟನೇ ಸೇನೆಯೂ ಕೇಳಿತು (ನಮ್ಮ 4ನೇ ಭಾರತೀಯ ಡಿವಿಷನ್ ಆ ಸೇನೆಯಲ್ಲಿತ್ತು, ಇದನ್ನು ಹೇಳಲು ಮರೆಯಬೇಡಿ). ಪ್ರಚಾರ ಸಚಿವ ಗೋಬೆಲ್ಸ್‌ಗೆ ಈ ಹಾಡು ಹಿಡಿಸಲಿಲ್ಲ, ಯುದ್ಧದ ಹುಮ್ಮಸ್ಸು ಇದರಲ್ಲಿಲ್ಲ ಎಂದು. ತಮ್ಮ ಸೈನಿಕರ ಬಾಯಲ್ಲಿ ಜರ್ಮನ್ ಹಾಡೇ ಉಳಿಯಬಾರದೆಂದು ಬ್ರಿಟಿಷರು 1944ರಲ್ಲಿ ಇಂಗ್ಲಿಷ್ ಪದ ಹಾಕಿದರು. ಅದೇ ವರ್ಷ ಇಟಲಿಯಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ಸೈನಿಕರು ಇದೇ ರಾಗಕ್ಕೆ ತಮ್ಮದೇ ಪದ ಕಟ್ಟಿದರು: ಮಿತ್ರಪಡೆಗಳು ಆ ವರ್ಷ ಬಂದಿಳಿದ ಫ್ರಾನ್ಸಿನ ಕರಾವಳಿ ನಾರ್ಮಂಡಿಗೆ ಹೋಗದೆ ತಪ್ಪಿಸಿಕೊಂಡವರು ಎಂಬ ಚುಚ್ಚುಮಾತಿಗೆ ಸಿಟ್ಟಿನ ಉತ್ತರ ಅದು. ರೇಡಿಯೊ ಹಾಕಿದ್ದನ್ನೇ ಸೈನಿಕ ಹಾಡುತ್ತಾನೆ ಎಂಬ ಊಹೆ ಇಲ್ಲಿಗೆ ಮುರಿಯುತ್ತದೆ. ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಜಾಗ ಇದೇ, ಹತ್ತು ನಿಮಿಷ ಇಲ್ಲೇ ನಿಲ್ಲಿ.

ಕೊನೆಗೆ ಐದೈದು ಮಕ್ಕಳ ಗುಂಪಿಗೆ ಒಂದೊಂದು ಎ4 ಹಾಳೆ, ಎರಡೂ ಹಾಡಿಗೆ ನಾಲ್ಕು ಕಲಂ: ಯಾರು ಕೇಳಿಸಿದರು, ಯಾರು ಕೇಳಿದರು, ಯಾರು ಬೇಡವೆಂದರು, ಯಾರು ಪದ ಬದಲಿಸಿದರು. ಪ್ರಭಾವದ ಗುರುತು ಸಿಗುವುದು ಕೊನೆಯ ಎರಡರಲ್ಲಿ. ಯಾರನ್ನೂ ತಟ್ಟದ ಹಾಡನ್ನು ತಡೆಯಲು, ತಿದ್ದಲು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ‘ದೇಶಭಕ್ತಿ’ ಎಂಬ ಪದವನ್ನು ಹಾಳೆಯಲ್ಲಿ ಬಳಸಬಾರದೆಂದು ಮೊದಲೇ ಹೇಳಿ, ಇಲ್ಲದಿದ್ದರೆ ಎಲ್ಲ ಕಲಮ್ಮಿಗೂ ಅದೇ ಉತ್ತರ ಬರುತ್ತದೆ. ‘ಏ ಮೇರೆ ವತನ್’ ಎದುರು ಮೂರನೇ ಕಲಂ ಖಾಲಿ ಉಳಿಯಬಹುದು. ಊಹಿಸಿ ತುಂಬಿಸಲು ಬಿಡಬೇಡಿ. ‘ಪುರಾವೆ ಸಿಗಲಿಲ್ಲ’ ಎಂದು ಬರೆದ ಗುಂಪಿಗೂ ಪೂರ್ತಿ ಅಂಕ ಕೊಡಿ.