ಜೈಲಿಂದ ಬಂದ ಅಣ್ಣನನ್ನು ಮನೆಗೆ ಕರೆಯಲೇ?

ಪ್ರಶ್ನೆ: ಸಿದ್ದಾಪುರದ ಹತ್ತಿರ ಕಾಫಿ ತೋಟದ ಲೈನ್ ಮನೆಯಲ್ಲಿದ್ದೇವೆ, ಅಂದರೆ ಕೆಲಸದವರ ಸಾಲುಮನೆ. ಯಜಮಾನರು ತೋಟದ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವವರು. ನನ್ನ ಅಣ್ಣ ಕುಡಿದ ಜಗಳದಲ್ಲಿ ಊರಿನವರೊಬ್ಬರಿಗೆ ಕತ್ತಿಯಿಂದ ಕಡಿದು, ಏಳು ವರ್ಷ ಮೈಸೂರು ಜೈಲಿನಲ್ಲಿದ್ದ. ಈಗ ಮಡಿಕೇರಿಯಲ್ಲಿ ಅಂಗಡಿ ಜಗಲಿ ಮೇಲೆ ಮಲಗ್ತಾನಂತೆ. ಪಿಯುಸಿ ಓದುವ ಮಗಳಿದ್ದಾಳೆ, ಅವನು ಬರುವುದು ಬೇಡ ಅಂತಾರೆ ಯಜಮಾನರು. ಏನು ಮಾಡಲಿ?

ಉತ್ತರ: ತಂಗೀ, ಈ ಚಳಿಯಲ್ಲಿ ಒಡಹುಟ್ಟಿದವನು ಜಗಲಿ ಮೇಲಿದ್ದಾನೆ ಅಂದರೆ ಯಾರಿಗೆ ನಿದ್ದೆ ಬರುತ್ತೆ? ಹಾಗಂತ ನಿಮ್ಮ ಯಜಮಾನರದು ಕಲ್ಲುಮನಸ್ಸು ಅಂತ ನನಗನಿಸುವುದಿಲ್ಲ. ಲೈನ್ ಮನೆ ಚಿಕ್ಕದು, ಅದೂ ಸಾಹುಕಾರರದ್ದು. ಬೆಳೆದ ಮಗಳ ಯೋಚನೆ ಯಾವ ತಂದೆಗೂ ಇರುತ್ತೆ. ಸದ್ಯಕ್ಕೆ ಅಣ್ಣ ನಿಮ್ಮ ಮನೆಯಲ್ಲಿ ಉಳಿಯುವುದು ಬೇಡ. ಆದರೆ ಭಾನುವಾರದ ಊಟ ನಿಮ್ಮಲ್ಲೇ ಆಗಲಿ, ಯಜಮಾನರೂ ಜೊತೆಗೆ ಕೂರಲಿ. ಇಷ್ಟಕ್ಕೆ ಅವರು ಒಪ್ಪಿಯಾರು.

ಮೊದಲು ಬೇಕಾದ್ದು ಕೆಲಸ, ಅದರ ಜೊತೆಗೊಂದು ಸೂರು. ಜನವರಿಯಿಂದ ರೋಬಸ್ಟಾ ಕಾಫಿ ಕುಯ್ಲು ಜೋರಾಗುತ್ತೆ, ಹಿಂದೆಯೇ ಕರಿಮೆಣಸು. ಆಗ ಆಳು ಸಿಗದೆ ತೋಟದವರು ಪರದಾಡುತ್ತಾರೆ. ಬೇರೆ ತೋಟದ ರೈಟರುಗಳು ನಿಮ್ಮ ಯಜಮಾನರಿಗೆ ಪರಿಚಯದವರೇ ಅಲ್ವಾ? ಪೆಟ್ಟು ತಿಂದವರ ಊರಿನಿಂದ ದೂರ, ಸೋಮವಾರಪೇಟೆ ಕಡೆ ನೋಡಲಿ. ಆ ಮನೆಯವರ ಕಣ್ಣೆದುರು ಅವನು ಓಡಾಡುವುದು ಅವರಿಗೂ ನೋವು. ಜೈಲಿನ ವಿಷಯ ಮಾತ್ರ ಸಾಹುಕಾರರಿಗೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ಸಂತೆಯಲ್ಲಿ ಯಾರ ಬಾಯಿಂದಲೋ ಗೊತ್ತಾಗುತ್ತೆ. ಆಗ ಕೆಲಸವೂ ಹೋಗುತ್ತೆ, ಕೊಡಿಸಿದವರ ಮರ್ಯಾದೆಯೂ ಹೋಗುತ್ತೆ.

ಬಿಡುಗಡೆ ಪತ್ರ ಜೋಪಾನ. ಆಧಾರ್ ಕಳೆದಿದ್ದರೆ ಹೆದರಬೇಡಿ, ನಂಬರ್ ಅದೇ ಇರುತ್ತೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಕೇಳಲಿ. ಆಮೇಲೆ ಬ್ಯಾಂಕ್ ಖಾತೆ. ದಂಡ, ಬಾಕಿ ಕೇಸು ಇಂಥ ತೊಡಕಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇನ್ನೊಂದು ವಿಷಯ. ಜೈಲಿನಲ್ಲಿ ಸಂಜೆಯೇ ಬೀಗ ಬೀಳುತ್ತೆ, ರಾತ್ರಿಯಿಡೀ ಲೈಟ್ ಉರಿಯುತ್ತೆ. ಅಲ್ಲಿಂದ ಬಂದವರು ಎಷ್ಟೋ ಸಲ ತೆರೆದ ಬಾಗಿಲಿನ ಮುಂದೆಯೂ 'ಹೋಗಲಾ?' ಅಂತ ಕೇಳಿ ನಿಲ್ಲುತ್ತಾರೆ. ಕತ್ತಲಲ್ಲಿ ನಿದ್ದೆ ಹತ್ತುವುದಿಲ್ಲ. ಅವನು ಹೋದಾಗ ಕೈಗೆ ನೋಟು ಬರುತ್ತಿತ್ತು, ಈಗ ಬಟವಾಡೆಯೂ ಫೋನಿಗೇ ಬರಬಹುದು. ಅದನ್ನು ನಿಮ್ಮ ಮಗಳೇ ಕಲಿಸಿಕೊಡಲಿ, ನಿಮ್ಮೆದುರಿಗೆ. ಮಾವ ಯಾಕೆ ಜೈಲಿಗೆ ಹೋದರು ಅಂತ ಅವಳಿಗೆ ನೀವೇ ನಿಜ ಹೇಳಿ. ಪಿಯುಸಿ ಹುಡುಗಿಗೆ ಅರ್ಥವಾಗುತ್ತೆ.

ನನಗೆ ಜಾಸ್ತಿ ಚಿಂತೆ ಕುಡಿತದ್ದು. ಅಲ್ಲಿ ಸಿಗದೇ ಬಿಟ್ಟಿದ್ದು ಬೇರೆ, ಬಟವಾಡೆ ದಿನ ಪೇಟೆಯಲ್ಲಿ ನಿಂತು ಬಿಡುವುದು ಬೇರೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವೈದ್ಯರಿಗೆ ಮೊದಲೇ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕುಡಿದು ಬಂದ ದಿನ ಮನೆಯೊಳಗೆ ಬಿಡುವುದಿಲ್ಲ ಅಂತ ಈಗಲೇ ಹೇಳಿಬಿಡಿ, ಬಂದರೆ ಹಾಗೇ ನಡೆದುಕೊಳ್ಳಿ. ಮುಂದಿನ ಭಾನುವಾರ ಮತ್ತೆ ಕರೆಯಿರಿ.

ಮಡಿಕೇರಿಗೆ ನೀವೊಬ್ಬರೇ ಹೋಗಬೇಡಿ, ಯಜಮಾನರನ್ನೂ ಕರೆದುಕೊಂಡು ಹೋಗಿ. ಒಂದು ಕಂಬಳಿ, ಸ್ವೆಟರ್ ಇರಲಿ. ಹೋಟೆಲಿನಲ್ಲಿ ಮೂವರೂ ಕೂತು ಊಟ ಮಾಡಿ, ಅಲ್ಲೇ ಕೆಲಸದ ಮಾತು ಶುರು ಮಾಡಿ.