ರಿಗ್‌ಗೆ ಬರುವ ತಮ್ಮನಿಗೆ

ತಮ್ಮ, ಒಮಾನ್‌ನಲ್ಲಿ ಎಣ್ಣೆಬಾವಿ ಕೊರೆಯುವ ರಿಗ್‌ನಲ್ಲಿ ಕೆಲಸ ಸಿಕ್ಕಿದೆ, ಸಂಬಳ ಹೇಗೆ, ಊಟ ಹೇಗೆ, ಕೈಕಾಲಿಗೆ ಅಪಾಯ ಇದೆಯಾ ಎಂದು ಕೇಳಿದ್ದೀಯ. ಸಂಬಳ, ರಜೆ ಎಲ್ಲ ಕರಾರಿನಲ್ಲಿ ಬರೆದಷ್ಟೇ. ಓದಿಯೇ ಸಹಿ ಹಾಕು. ಪಾಳಿ 12 ಗಂಟೆ. ಊಟಕ್ಕೆ ಕೊರತೆ ಇಲ್ಲ, ಕುಚ್ಚಲಕ್ಕಿ ಗಂಜಿಯ ಆಸೆ ಮಾತ್ರ ಬಿಟ್ಟುಬಿಡು.

ನಾನು ಬಂದದ್ದು 2009ರಲ್ಲಿ. ಮಸ್ಕತ್‌ನಿಂದ ದಕ್ಷಿಣದ ಎಣ್ಣೆಬಾವಿಗಳ ಜಾಗ ಮಾರ್ಮುಲ್ ಕಡೆಗೆ ಹಗಲಿಡೀ ಬಸ್ಸು. ಕುಂದಾಪುರದ ಕಡಲು ನೋಡಿ ಬೆಳೆದವನಿಗೆ ಒಂದು ಮರವೂ ಇಲ್ಲದ ಆ ಬಯಲು ಕಂಡು ಎದೆ ಒಣಗಿತು.

ಇಲ್ಲಿ ಎಲ್ಲರೂ ಹೆದರುವುದು ಎಚ್‌ಟೂಎಸ್ ಗ್ಯಾಸಿಗೆ, ಅಂದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿಗೆ. ಕೊಳೆತ ಮೊಟ್ಟೆಯ ವಾಸನೆ. ವಾಸನೆ ನಿಂತಿತು, ಗ್ಯಾಸ್ ಹೋಯಿತು ಅಂದುಕೊಳ್ಳಬೇಡ. 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿಗೆ ನೂರು ಪಾಲು, ದಾಟಿದರೆ ಮೂಗೇ ಸತ್ತುಹೋಗುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಯಾರಾದರೂ ಕೆಳಗೆ ಬಿದ್ದಿದ್ದರೆ ಉಸಿರಾಟದ ಸೆಟ್ ಇಲ್ಲದೆ ಇಳಿಯಬೇಡ, ಅವನು ಎಷ್ಟೇ ಬೇಕಾದವನಾಗಿರಲಿ.

ಆದರೆ ಜಾಸ್ತಿ ಪೆಟ್ಟಾಗುವುದು ಕೈಗೆ, ಬೆರಳಿಗೆ. ನನಗೆ ಕೆಲಸ ಕಲಿಸಿದವನು ಅಂಕೋಲೆ ಕಡೆಯವನು, ಹತ್ತು ವರ್ಷ ದೊಡ್ಡವನು. ಅಣ್ಣ ಅಂತಲೇ ಕರೆಯುತ್ತಿದ್ದೆ. ಮೊದಲ ಚಳಿಗಾಲದಲ್ಲಿ ತನ್ನ ಜಾಕೆಟ್ ಬಿಚ್ಚಿ ನನಗೆ ಕೊಟ್ಟವನು. ಒಂದು ರಾತ್ರಿ ಪೈಪ್ ಜೋಡಿಸುವಾಗ ಅವನು ಪೈಪ್ ಬಿಗಿಸುವ ದೊಡ್ಡ ಇಕ್ಕಳದಂಥ ಟಾಂಗ್‌ನ ಹಿಡಿ ಬಿಟ್ಟು ದವಡೆಯ ಹತ್ತಿರ ಕೈಯಿಟ್ಟಿದ್ದ. ಎದುರಿಗಿದ್ದ ನಾನು ನೋಡಿದೆ. ಮಾತು ಬಾಯಿವರೆಗೆ ಬಂತು. ನಿನ್ನೆ ಬಂದ ಹುಡುಗ ಅಣ್ಣನಿಗೆ ಹೇಳುವುದಾ ಎಂದು ಸುಮ್ನಿದ್ದೆ. ನಮ್ಮ ಮನೆಗಳಲ್ಲಿ ಹಿರಿಯರ ಎದುರು ಹೇಗಿರುತ್ತೇವೆ, ನಿನಗೆ ಗೊತ್ತಲ್ವಾ. ಟಾಂಗ್ ಬಿಗಿಯಿತು. ಬಲಗೈಯ ಎರಡು ಬೆರಳು ಹೋದವು.

ಅಪಾಯದ್ದು ಕಂಡರೆ ಕೆಲಸ ನಿಲ್ಲಿಸುವ ಹಕ್ಕು ಮೊದಲ ದಿನದಿಂದಲೇ ನಿನ್ನದು. ಟ್ರೈನಿಂಗ್‌ನಲ್ಲಿ 'ಸ್ಟಾಪ್ ವರ್ಕ್' ಎಂದು ಹೇಳಿಕೊಡುತ್ತಾರೆ. ಅದನ್ನು ಬರಿ ಪಾಠ ಅಂದುಕೊಳ್ಳಬೇಡ. ಎದುರಿಗೆ ಕೊರೆಯುವ ಕೆಲಸ ನಡೆಸುವ ಡ್ರಿಲ್ಲರ್ ಇರಲಿ, ನಾನೇ ಇರಲಿ, ಕೂಗು. ಬೈದರೆ ಬೈಸಿಕೋ. ಈಗ ನಾನು ಅಸಿಸ್ಟೆಂಟ್ ಡ್ರಿಲ್ಲರ್. ಹೊಸ ಹುಡುಗ ನನ್ನನ್ನೇ ತಡೆದು ನಿಲ್ಲಿಸಿದ ದಿನ ಪಾಳಿ ಮುಗಿಸಿ ನೆಮ್ಮದಿಯಾಗಿ ಮಲಗುತ್ತೇನೆ.

ಕಳೆದ ರಜೆಯಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಎಡಗೈಯಲ್ಲಿ ಚಹಾ ಕೊಟ್ಟು, "ಬೇಜಾರು ಮಾಡ್ಕೋಬೇಡ, ಬಲಗೈಲಿ ಲೋಟ ನಿಲ್ಲಲ್ಲ" ಎಂದ. ಆ ರಾತ್ರಿ ನಾನು ನೋಡಿದ್ದೆ ಎಂದು ಅವನಿಗೆ ಇನ್ನೂ ಹೇಳಿಲ್ಲ.